ರೈಲಿನ ಹಣ, ಕುದುರೆಯ ಲಾಯ: ವರ್ಮಾಂಟ್‌ನ ಎರಡು ಹಳೆಯ ಎಸ್ಟೇಟ್‌ಗಳಲ್ಲಿ

ಮೊದಲ ದಿನ: ವುಡ್‌ಸ್ಟಾಕ್

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯಕ್ಕೆ ಅಕ್ಟೋಬರ್ ಮೊದಲ ವಾರದಲ್ಲಿ ಬರುವವರು ಸಾಮಾನ್ಯವಾಗಿ ಮೇಪಲ್ ಎಲೆಗಳು ಕೆಂಪಾಗುವುದನ್ನು ನೋಡಲು ಬರುತ್ತಾರೆ. ನಾವು ಬಂದದ್ದು ಕೊಟ್ಟಿಗೆಗಳನ್ನು ನೋಡಲು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೈಲ್ವೆಯಿಂದ ಶ್ರೀಮಂತರಾದ ಎರಡು ಕುಟುಂಬಗಳು ಈ ರಾಜ್ಯದಲ್ಲಿ ಮಾದರಿ ಕೃಷಿ ಎಸ್ಟೇಟ್‌ಗಳನ್ನು ಕಟ್ಟಿದವು. ಎರಡೂ ಇಂದಿಗೂ ಉಳಿದಿವೆ, ಎರಡರಲ್ಲೂ ಇಂದಿಗೂ ಹಾಲು ಕರೆಯುತ್ತಾರೆ, ಮತ್ತು ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಮಾತ್ರ ಒಂದೊಂದರ ಸ್ವಭಾವವೂ ಸ್ಪಷ್ಟವಾಗುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ಜೊತೆಗೆ ಬಂದ ಗೆಳೆಯರು ಸಿವಿಲ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರಿಗೆ ಹಸುಗಳಿಗಿಂತ ತೊಲೆ, ಜಂತೆಗಳಲ್ಲಿ ಹೆಚ್ಚಿನ ಆಸಕ್ತಿ.

ಬಾಸ್ಟನ್ನಿನಿಂದ ವಾಯವ್ಯಕ್ಕೆ ಹೊರಟು ಮಧ್ಯಾಹ್ನಕ್ಕೆ ಮೊದಲೇ ವುಡ್‌ಸ್ಟಾಕ್ ಎಂಬ ಸಣ್ಣ ಊರನ್ನು ತಲುಪಿದೆವು. ದಾರಿಯುದ್ದಕ್ಕೂ ಎರಡು ಬದಿಗೂ ದಟ್ಟ ಕಾಡು. ಈ ಕಾಡನ್ನು ಕಂಡು ವರ್ಮಾಂಟ್ ಎಂದಿಗೂ ಹೀಗೆಯೇ ಇತ್ತೆಂದು ತಿಳಿದರೆ ಎಸ್ಟೇಟ್‌ಗಳ ಕಥೆ ಅರ್ಥವಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ರಾಜ್ಯದ ಬಹುಪಾಲು ಗುಡ್ಡಗಳು ಬೋಳಾಗಿದ್ದವು. ಸ್ಪೇನ್ ಮೂಲದ ಮೆರಿನೊ ಕುರಿಗಳು ಇಲ್ಲಿಗೆ ಬಂದ ಮೇಲೆ ಉಣ್ಣೆಯ ಹುಚ್ಚು ಎಷ್ಟು ಹಬ್ಬಿತೆಂದರೆ, 1840ರಲ್ಲಿ ಮೂರು ಲಕ್ಷಕ್ಕಿಂತ ಕಡಿಮೆ ಜನರಿದ್ದ ರಾಜ್ಯದಲ್ಲಿ ಸುಮಾರು 17 ಲಕ್ಷ ಕುರಿಗಳಿದ್ದವು. ಕುರಿಗಳಿಗಾಗಿ ಕಾಡು ಕಡಿದರು. ಕಾಡಿಲ್ಲದ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಯಿತು. ಆಮೇಲೆ ಪಶ್ಚಿಮದ ವಿಶಾಲ ಬಯಲುಗಳ ಅಗ್ಗದ ಉಣ್ಣೆಯೆದುರು ಬೆಲೆ ಕುಸಿಯಿತು. ಮಕ್ಕಳು ಪಶ್ಚಿಮಕ್ಕೆ ವಲಸೆ ಹೋದರು, ಮುದುಕರು ಜಮೀನು ಮಾರಲು ಸಿದ್ಧರಾದರು. ಹಣವಿದ್ದವರಿಗೆ ಇಲ್ಲಿ ನೆಲ ಸುಲಭವಾಗಿ ಸಿಕ್ಕಿದ್ದು ಈ ಕಾರಣದಿಂದ.

ಬೋಳುಗುಡ್ಡಗಳ ಈ ದುರವಸ್ಥೆಯನ್ನು ಬಾಲ್ಯದಲ್ಲೇ ಕಂಡವರು ಜಾರ್ಜ್ ಪರ್ಕಿನ್ಸ್ ಮಾರ್ಷ್. ಅವರು 1801ರಲ್ಲಿ ವುಡ್‌ಸ್ಟಾಕ್‌ನಲ್ಲೇ ಹುಟ್ಟಿದರು, ಮುಂದೆ ರಾಜತಂತ್ರಜ್ಞರಾಗಿ ತುರ್ಕಿ ಮತ್ತು ಇಟಲಿಗಳಲ್ಲಿ ಅಮೆರಿಕವನ್ನು ಪ್ರತಿನಿಧಿಸಿದರು, ಮತ್ತು ಮನುಷ್ಯನ ಕೈ ನೆಲದ ಮೇಲೆ ಮಾಡುವ ಹಾನಿಯನ್ನು ವಿವರಿಸಿದ ತಮ್ಮ ಪ್ರಸಿದ್ಧ ಗ್ರಂಥವನ್ನು 1864ರಲ್ಲಿ ಪ್ರಕಟಿಸಿದರು. ಮಾರ್ಷ್ ಕುಟುಂಬದ ಮನೆ ಮತ್ತು ಜಮೀನನ್ನು 1869ರಲ್ಲಿ ಕೊಂಡವರು ಫ್ರೆಡರಿಕ್ ಬಿಲ್ಲಿಂಗ್ಸ್. ವರ್ಮಾಂಟ್‌ನಲ್ಲೇ ಹುಟ್ಟಿ, ಚಿನ್ನದ ಭರಾಟೆಯ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಕೀಲಿ ಮಾಡಿ ಹಣ ಗಳಿಸಿದ್ದ ಅವರು ಮುಂದೆ 1879ರಿಂದ 1881ರವರೆಗೆ ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷರಾಗಿದ್ದರು. ಮೊಂಟಾನಾದ ಬಿಲ್ಲಿಂಗ್ಸ್ ನಗರಕ್ಕೆ ಬಂದಿರುವುದು ಇವರದೇ ಹೆಸರು. ಅವರು 1871ರಲ್ಲಿ ಸ್ಥಾಪಿಸಿದ ಬಿಲ್ಲಿಂಗ್ಸ್ ಫಾರಂ ಇಂದು ವಸ್ತುಸಂಗ್ರಹಾಲಯವೂ ಹೌದು, ನಡೆಯುತ್ತಿರುವ ಡೇರಿಯೂ ಹೌದು.

ಬಿಲ್ಲಿಂಗ್ಸ್ ಅವರು ಇಂಗ್ಲಿಷ್ ಕಾಲುವೆಯ ಜೆರ್ಸಿ ದ್ವೀಪದಿಂದ ಹಸುಗಳನ್ನು ತರಿಸಿದರು. ಜೆರ್ಸಿ ಹಸು ಗಾತ್ರದಲ್ಲಿ ಚಿಕ್ಕದಾದರೂ ಅದರ ಹಾಲಿನಲ್ಲಿ ಕೊಬ್ಬಿನ ಅಂಶ ಹೆಚ್ಚು. ಹಾಲನ್ನು ದೂರದ ಪೇಟೆಗೆ ಕೆಡದಂತೆ ಸಾಗಿಸುವುದು ಕಷ್ಟವಾಗಿದ್ದ ಆ ಕಾಲದಲ್ಲಿ ಬೆಣ್ಣೆ ಮಾಡಿ ರೈಲಿಗೆ ಹಾಕುವುದೇ ಲಾಭದ ದಾರಿಯಾಗಿತ್ತು. ಇದನ್ನೆಲ್ಲ ವ್ಯವಸ್ಥಿತವಾಗಿ ನಡೆಸಿದವರು 1884ರಲ್ಲಿ ಮ್ಯಾನೇಜರ್ ಆಗಿ ಬಂದ ಸ್ಕಾಟ್‌ಲೆಂಡಿನ ಜಾರ್ಜ್ ಐಟ್‌ಕನ್. ಪ್ರತಿ ಹಸುವಿನ ತಳಿ, ಹಾಲು, ಬೆಣ್ಣೆಗಳ ಲೆಕ್ಕ ಬರೆದಿಡುವ ಪದ್ಧತಿ ಆಗಿನ ಸಾಮಾನ್ಯ ರೈತರಿಗೆ ಹೊಸದು.

1890ರಲ್ಲಿ ಕಟ್ಟಿದ ಫಾರಂ ಹೌಸ್ ಈ ಲೆಕ್ಕಾಚಾರಕ್ಕೆ ತಕ್ಕ ಕಟ್ಟಡ. ಹೊರಗಿನಿಂದ ನೋಡಿದರೆ ಕಡಿದಾದ ಮಾಡುಗಳ, ಆ ಕಾಲದ ಕ್ವೀನ್ ಆ್ಯನ್ ಶೈಲಿಯ ಅನುಕೂಲಸ್ಥರ ಮನೆ. ಆದರೆ ಒಳಗೆ ಮೂರು ಕೆಲಸಗಳು ಒಂದೇ ಸೂರಿನಡಿ ಸೇರಿವೆ: ಮ್ಯಾನೇಜರ್ ಕುಟುಂಬದ ವಾಸ, ಫಾರಂ ಕಚೇರಿ, ಮತ್ತು ನೆಲಮಾಳಿಗೆಯಲ್ಲಿ ಬೆಣ್ಣೆ ತೆಗೆಯುವ ಕ್ರೀಮರಿ. ಬೆಣ್ಣೆಯ ಕೆಲಸಕ್ಕೆ ತಂಪು ಬೇಕು, ಆದ್ದರಿಂದ ಅದು ಭೂಮಿಯೊಳಗೆ. ಲೆಕ್ಕಕ್ಕೆ ಕಣ್ಗಾವಲು ಬೇಕು, ಆದ್ದರಿಂದ ಕಚೇರಿ ಅದರ ನೆತ್ತಿಯ ಮೇಲೆ. ಗೆಳೆಯರು ಮೆಟ್ಟಿಲಿಳಿಯುತ್ತ, "ಇಲ್ಲಿ ಒಂದು ಅಡಿ ಜಾಗವನ್ನೂ ಪೋಲು ಮಾಡಿಲ್ಲ ನೋಡ್ರಿ" ಎಂದರು. ಆ ಮಾತು ಮರುದಿನದಿಂದ ನಮಗೆ ಅಳತೆಗೋಲಾಯಿತು.

ಬಿಲ್ಲಿಂಗ್ಸ್ ಕುಟುಂಬ ವಾಸಿಸಿದ ಬಂಗಲೆ ರಸ್ತೆಯ ಆಚೆ ಬದಿಯಲ್ಲಿದೆ. ಮಾರ್ಷ್ ಕಾಲದ ಸರಳ ಮನೆಯನ್ನು 1880ರ ದಶಕದಲ್ಲಿ ವಾಸ್ತುಶಿಲ್ಪಿ ಹೆನ್ರಿ ಹಡ್ಸನ್ ಹಾಲಿ ಪೂರ್ತಿ ಮಾರ್ಪಡಿಸಿದರು. ಈಗ ಅದು ಮಾರ್ಷ್, ಬಿಲ್ಲಿಂಗ್ಸ್, ಮತ್ತು ಮುಂದೆ ಇಲ್ಲಿ ವಾಸಿಸಿದ ರಾಕ್‌ಫೆಲ್ಲರ್ ಕುಟುಂಬಗಳ ಹೆಸರಿನ ರಾಷ್ಟ್ರೀಯ ಉದ್ಯಾನದ ಭಾಗ. ಬಂಗಲೆಯ ಒಳಾಂಗಣ ಸೊಗಸಾಗಿದ್ದರೂ ನನಗೆ ಹಿಡಿಸಿದ್ದು ಅದರ ಹಿಂದಿನ ಕಾಡು. ಬೋಳಾಗಿದ್ದ ಮೌಂಟ್ ಟಾಮ್ ಗುಡ್ಡದಲ್ಲಿ ಬಿಲ್ಲಿಂಗ್ಸ್ ಸಾಲುಸಾಲಾಗಿ ನಾರ್ವೆ ಸ್ಪ್ರೂಸ್ ಮುಂತಾದ ಮರಗಳನ್ನು ನೆಡಿಸಿದರು, ಅವುಗಳ ನಡುವೆ ಸಾರೋಟು ಹೋಗುವಷ್ಟು ಅಗಲದ, ಏರು ಗೊತ್ತಾಗದಂತೆ ಸುತ್ತಿ ಸಾಗುವ ದಾರಿಗಳನ್ನು ಹಾಕಿಸಿದರು. ಸಂಜೆ ಆ ದಾರಿಯಲ್ಲಿ ಪೋಗ್ ಎಂಬ ಸಣ್ಣ ಕೊಳದವರೆಗೆ ನಡೆದು ಹಿಂದಿರುಗಿದೆವು.

ಎರಡನೆಯ ದಿನ: ಶೆಲ್ಬರ್ನ್, ನೆಲ ಮತ್ತು ಫಾರಂ ಬಾರ್ನ್

ಬೆಳಿಗ್ಗೆ ಬೇಗ ಹೊರಟು, ಗ್ರೀನ್ ಪರ್ವತಶ್ರೇಣಿಯನ್ನು ದಾಟಿ, ರಾಜ್ಯದ ಪಶ್ಚಿಮ ಅಂಚಿನ ಶಾಂಪ್ಲೇನ್ ಸರೋವರದ ಕಡೆಗೆ ಇಳಿದೆವು. ಬರ್ಲಿಂಗ್ಟನ್ ನಗರದಿಂದ ಸ್ವಲ್ಪ ದಕ್ಷಿಣಕ್ಕಿರುವ ಶೆಲ್ಬರ್ನ್ ಊರಿನ ಪಶ್ಚಿಮಕ್ಕೆ, ಸರೋವರಕ್ಕೆ ತಾಗಿದಂತೆ ಶೆಲ್ಬರ್ನ್ ಫಾರ್ಮ್ಸ್ ಇದೆ. ಇಂದು ಅದರ ವಿಸ್ತಾರ ಸುಮಾರು 1,400 ಎಕರೆ. ಉಚ್ಛ್ರಾಯ ಕಾಲದಲ್ಲಿ ಅದು 3,800 ಎಕರೆಯಷ್ಟಿತ್ತು.

ಇದನ್ನು ಕಟ್ಟಿದವರು ಡಾಕ್ಟರ್ ವಿಲಿಯಂ ಸೆವಾರ್ಡ್ ವೆಬ್ ಮತ್ತು ಲೀಲಾ ವ್ಯಾಂಡರ್‌ಬಿಲ್ಟ್ ವೆಬ್ ದಂಪತಿ. ವೆಬ್ ಓದಿದ್ದು ವೈದ್ಯಕೀಯ, ಆದರೆ ಬೇಗನೆ ಅದನ್ನು ಬಿಟ್ಟು ವ್ಯವಹಾರಕ್ಕಿಳಿದರು, ಮತ್ತು ರೈಲುಗಳಿಗೆ ಐಷಾರಾಮಿ ಬೋಗಿಗಳನ್ನು ಒದಗಿಸುತ್ತಿದ್ದ ವ್ಯಾಗ್ನರ್ ಕಂಪನಿಯ ಅಧ್ಯಕ್ಷರಾದರು. ಲೀಲಾ ಅವರ ತಂದೆ, ರೈಲ್ವೆ ಉದ್ಯಮಿ ವಿಲಿಯಂ ಹೆನ್ರಿ ವ್ಯಾಂಡರ್‌ಬಿಲ್ಟ್, ಆ ಕಾಲದ ಅಮೆರಿಕದ ಅತ್ಯಂತ ದೊಡ್ಡ ಶ್ರೀಮಂತರು. 1885ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಲೀಲಾ ಅವರ ಪಾಲಿಗೆ ಬಂದದ್ದು ಸುಮಾರು ಒಂದು ಕೋಟಿ ಡಾಲರ್. 1886ರಲ್ಲಿ ದಂಪತಿ ಇಲ್ಲಿ ಜಮೀನು ಕೊಳ್ಳತೊಡಗಿದರು. ಒಂದರ ಪಕ್ಕದಲ್ಲೊಂದಿದ್ದ ಮೂವತ್ತಕ್ಕೂ ಹೆಚ್ಚು ಸಣ್ಣ ಫಾರಂಗಳು ಕೆಲವೇ ವರ್ಷಗಳಲ್ಲಿ ಒಂದೇ ಎಸ್ಟೇಟ್ ಆಗಿ ಕರಗಿಹೋದವು.

ಕರಗಿಹೋದವು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಹುದು. ಪ್ರವೇಶದ್ವಾರದಿಂದ ಒಳಗೆ ನಡೆಯುವಾಗ ಹಳೆಯ ಬೇಲಿಗಳ, ಮನೆಗಳ, ಗಡಿಗಲ್ಲುಗಳ ಗುರುತೇ ಕಾಣುವುದಿಲ್ಲ. ಹಳೆಯ ಮನೆಗಳಲ್ಲಿ ಎಷ್ಟನ್ನೋ ಕೆಡವಿದರು, ರಸ್ತೆಗಳ ದಿಕ್ಕು ಬದಲಿಸಿದರು. ನೆಲದ ವಿನ್ಯಾಸಕ್ಕೆ ಸಲಹೆ ಕೊಟ್ಟವರು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್. ಇಡೀ ನೆಲವನ್ನು ಸಾಗುವಳಿ, ಕಾಡು ಮತ್ತು ಉದ್ಯಾನದಂತಹ ಹುಲ್ಲುಗಾವಲು ಎಂದು ಮೂರು ಬಗೆಯಾಗಿ ವಿಂಗಡಿಸುವುದು ಅವರ ಯೋಜನೆ. ಒಳ್ಳೆಯ ಸಮತಟ್ಟಾದ ಮಣ್ಣು ಬೆಳೆಗೆ, ಕಲ್ಲು ಮತ್ತು ಏರಿನ ಜಾಗ ಮರಗಳಿಗೆ, ನಡುವಿನ ಅಲೆಅಲೆಯಾದ ನೆಲ ಮೇವಿಗೆ. ಮಣ್ಣಿನ ಗುಣವನ್ನು ನೋಡಿ ಮಾಡಿದ ಈ ವಿಂಗಡಣೆಯೇ ಕಣ್ಣಿಗೂ ಹಿತವಾಗಿ ಒದಗಿಬಂದಿದೆ.

ಅವರ ಕೈಚಳಕ ತಿಳಿಯಬೇಕಾದರೆ ಬಂಡಿಯಲ್ಲಿ ಹೋಗದೆ ನಡೆದೇ ಹೋಗಬೇಕು. ದಾರಿ ಎಲ್ಲೂ ನೇರವಾಗಿಲ್ಲ. ಒಂದು ತಿರುವಿನಲ್ಲಿ ಮರಗಳ ಗುಂಪು ಎದುರಿಗೆ ಬಂದು ಎಲ್ಲವನ್ನೂ ಮುಚ್ಚುತ್ತದೆ. ಅದನ್ನು ಬಳಸಿ ಮುಂದೆ ಹೋದಾಗ ಇಳಿಜಾರಿನ ಹುಲ್ಲುಗಾವಲಿನ ತುದಿಯಲ್ಲಿ ಶಂಕುವಿನಾಕಾರದ ಗೋಪುರಗಳ ಒಂದು ಬೃಹತ್ ಕಟ್ಟಡ ಒಮ್ಮೆಲೇ ಕಾಣಿಸುತ್ತದೆ. ಅದನ್ನು ಅರಮನೆ ಎಂದು ತಿಳಿಯುವವರೇ ಹೆಚ್ಚು. ಅದು ಫಾರಂ ಬಾರ್ನ್, ಅಂದರೆ ಎಸ್ಟೇಟಿನ ಕೆಲಸದ ಕೊಟ್ಟಿಗೆ.

1888ರಿಂದ 1890ರ ನಡುವೆ ಎದ್ದ ಈ ಕಟ್ಟಡದ ವಾಸ್ತುಶಿಲ್ಪಿ ನ್ಯೂಯಾರ್ಕಿನ ರಾಬರ್ಟ್ ಹೆಂಡರ್ಸನ್ ರಾಬರ್ಟ್‌ಸನ್. ಎಸ್ಟೇಟಿನ ಮುಖ್ಯ ಕಟ್ಟಡಗಳೆಲ್ಲವೂ ಅವರವೇ. ಮುಂದೆ ನ್ಯೂಯಾರ್ಕಿನಲ್ಲಿ 1899ರಲ್ಲಿ ಪೂರ್ಣಗೊಂಡು 1908ರವರೆಗೆ ಜಗತ್ತಿನ ಅತಿ ಎತ್ತರದ ಕಚೇರಿ ಕಟ್ಟಡವಾಗಿದ್ದ 391 ಅಡಿಯ ಪಾರ್ಕ್ ರೋ ಬಿಲ್ಡಿಂಗ್ ಕೂಡ ಅವರದೇ ವಿನ್ಯಾಸ. ಕುದುರೆಗಳಿಗೂ ಗುಮಾಸ್ತರಿಗೂ ಒಬ್ಬರೇ ವಾಸ್ತುಶಿಲ್ಪಿ! ಆ ಗಗನಚುಂಬಿಗಿಂತ ಈ ಕೊಟ್ಟಿಗೆಯಲ್ಲೇ ಅವರ ಪ್ರತಿಭೆ ಚೆನ್ನಾಗಿ ಅರಳಿದೆ ಎಂದು ನನಗೆ ತೋರಿತು.

ಐದು ಅಂತಸ್ತಿನ ಮುಖ್ಯ ಭಾಗ ನಡುವಿನಲ್ಲಿದ್ದು, ಎರಡೂ ಕಡೆಯಿಂದ ತಗ್ಗಿನ ರೆಕ್ಕೆಗಳು ಚಾಚಿ ಸುಮಾರು ಎರಡು ಎಕರೆಯ ಅಂಗಳವನ್ನು ಬಳಸಿ ನಿಂತಿವೆ. ಗಾಳಿ ಸರೋವರದ ಮೇಲಿಂದ ನೇರವಾಗಿ ಬೀಸುವ ಈ ಜಾಗದಲ್ಲಿ ಮುಚ್ಚಿದ ಅಂಗಳ ಕೇವಲ ಅಲಂಕಾರವಲ್ಲ, ಚಳಿಗಾಲದಲ್ಲಿ ಅಂಗಳದ ಕೆಲಸ ನಡೆಯಬೇಕಾದರೆ ಅದು ಅಗತ್ಯ. ಉಳುಮೆಯ ಹೇಸರಗತ್ತೆಗಳು, ಬಂಡಿಗಳು, ಧಾನ್ಯ, ಹುಲ್ಲು, ಕಮ್ಮಾರಿಕೆ ಮತ್ತು ಬಡಗಿಯ ಕೆಲಸ, ಎಸ್ಟೇಟಿನ ಕಚೇರಿ ಎಲ್ಲವೂ ಇಲ್ಲಿಯೇ ಇದ್ದವು. ಆ ಕಾಲದ ದೊಡ್ಡ ಕೊಟ್ಟಿಗೆಗಳ ತತ್ತ್ವ ಸರಳ: ಭಾರವಾದದ್ದನ್ನು ಒಮ್ಮೆ ಮೇಲಕ್ಕೇರಿಸಿ, ಮತ್ತೆ ಮತ್ತೆ ಕೆಳಕ್ಕೆ ಬೀಳಿಸುವುದು. ಹುಲ್ಲು ಮೇಲಿನ ಅಟ್ಟದಲ್ಲಿ, ಪ್ರಾಣಿಗಳು ಅದರ ಕೆಳಗೆ. ಮೇವು ಹಾಕುವ ಹೊತ್ತಿಗೆ ಅಟ್ಟದ ಕಂಡಿಯಿಂದ ಹುಲ್ಲನ್ನು ದೂಡಿದರೆ ಸಾಕು, ಅದು ಕೆಳಗಿನ ಗೋದಲಿಯ ಬಳಿಗೇ ಬೀಳುತ್ತದೆ.

ಗೋಡೆಗಳ ಮೇಲ್ಮೈಯನ್ನು ಹತ್ತಿರದಿಂದ ನೋಡಲು ಸ್ವಲ್ಪ ಹೊತ್ತು ಕಳೆದೆವು. ಶಿಂಗಲ್ ಎಂದು ಕರೆಯುವ ಮರದ ತೆಳು ಬಿಲ್ಲೆಗಳನ್ನು ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಸಾಲಾಗಿ ಹೊಡೆದಿದ್ದಾರೆ. ಈ ಹೊದಿಕೆಯ ಅನುಕೂಲವೆಂದರೆ ಅದು ಯಾವ ಬಾಗಿಗೂ ಬಗ್ಗುತ್ತದೆ; ಗೋಪುರದ ದುಂಡು ಗೋಡೆಯಿಂದ ನೇರ ಗೋಡೆಗೆ ಹೊರಳುವಲ್ಲಿ ಮೂಲೆಯ ಪಟ್ಟಿಯಿಲ್ಲದೆಯೇ ಸಾಲು ಮುಂದುವರಿಯುತ್ತದೆ. ಬಿಸಿಲು, ಮಳೆ ಬಿದ್ದ ಮುಖಗಳಲ್ಲಿ ಬಿಲ್ಲೆಗಳು ಬೂದು ಬಣ್ಣಕ್ಕೆ ತಿರುಗಿವೆ, ಮಾಡಿನ ಮರೆಯಲ್ಲಿದ್ದವು ಇನ್ನೂ ಕಂದಾಗಿವೆ. ಇಷ್ಟು ದೊಡ್ಡ ಕಟ್ಟಡ ಭಾರವೆನಿಸದಿರುವುದಕ್ಕೆ ಈ ಒಂದೇ ಚರ್ಮದಂತಹ ಹೊದಿಕೆ ಮುಖ್ಯ ಕಾರಣ.

ಈಗ ಕಟ್ಟಡದ ಒಂದು ಬದಿಯಲ್ಲಿ ಮಕ್ಕಳು ಕೋಳಿ, ಕುರಿಗಳನ್ನು ಮುಟ್ಟಿ ನೋಡುವ ಅಂಗಳವಿದೆ, ಮತ್ತೊಂದು ಬದಿಯಲ್ಲಿ ಚೀಸ್ ತಯಾರಿಕೆಯ ಕೋಣೆಯಿದೆ. ಗಾಜಿನ ಆಚೆ ಉದ್ದನೆಯ ತೊಟ್ಟಿಯಲ್ಲಿ ಬ್ರೌನ್ ಸ್ವಿಸ್ ತಳಿಯ ಹಸುಗಳ ಹಾಲು, ಅದನ್ನು ಹೆಪ್ಪುಗಟ್ಟಿಸುವ ರೆನೆಟ್ ಎಂಬ ಕಿಣ್ವ ಸೇರಿ ಗಟ್ಟಿಯಾಗಿತ್ತು. ಅದನ್ನು ಕತ್ತರಿಸಿ, ಒಡೆದ ನೀರನ್ನು ಬಸಿದ ಮೇಲೆ ಉಳಿದ ಗಟ್ಟಿಯನ್ನು ದಪ್ಪ ಹಲಗೆಗಳಂತೆ ಕೊಯ್ದು, ಕೆಲಸದವರಿಬ್ಬರು ಒಂದರ ಮೇಲೊಂದಿಟ್ಟು, ಸ್ವಲ್ಪ ಹೊತ್ತಿಗೊಮ್ಮೆ ಮಗುಚಿಡುತ್ತಿದ್ದರು. ತನ್ನದೇ ಭಾರಕ್ಕೆ ನೀರು ಹಿಂಡಿಹೋಗಿ, ಹುಳಿ ಏರಿ, ಮೊದಲು ಪುಡಿಪುಡಿಯಾಗಿದ್ದದ್ದು ಕೊನೆಗೆ ನಾರುನಾರಾಗುತ್ತದೆ. ಚೆಡ್ಡರ್ ಚೀಸಿನ ಗುಣವೆಲ್ಲ ಈ ಮಗುಚುವಿಕೆಯಲ್ಲಿದೆ. ಹಾಲನ್ನು ಪಾಶ್ಚರೀಕರಿಸದೆ ಮಾಡುವ ಚೀಸನ್ನು ಅಮೆರಿಕದ ನಿಯಮದಂತೆ ಕನಿಷ್ಠ 60 ದಿನ ಮಾಗಿಸಲೇಬೇಕು. ಇಲ್ಲಿಯ ಚೀಸುಗಳು ಅದಕ್ಕಿಂತ ಬಹಳ ದೀರ್ಘಕಾಲ ಮಾಗುತ್ತವೆ.

ಫಾರಂ ಬಾರ್ನಿನ ಬಗ್ಗೆ ನನಗೆ ಉಳಿದ ಸಂದೇಹ ಒಂದೇ. ಇದನ್ನು ಮಾದರಿ ಫಾರಂ ಎಂದು ಕರೆದರು; ಸುತ್ತಲಿನ ರೈತರು ನೋಡಿ ಕಲಿಯಲಿ ಎಂಬ ಉದ್ದೇಶವೂ ವೆಬ್ ಅವರಿಗಿತ್ತು. ಆದರೆ ಹತ್ತಿಪ್ಪತ್ತು ಹಸು ಸಾಕುವವನು ಐದು ಅಂತಸ್ತಿನ ಗೋಪುರದಿಂದ ಕಲಿಯುವುದಾದರೂ ಏನನ್ನು? ವುಡ್‌ಸ್ಟಾಕ್‌ನ ನೆಲಮಾಳಿಗೆಯ ಕ್ರೀಮರಿಯನ್ನು ಚಿಕ್ಕದಾಗಿ ಯಾವ ರೈತನೂ ಅನುಕರಿಸಬಹುದಿತ್ತು. ಇಲ್ಲಿಯದು ಅನುಕರಣೆಗೆ ಸಿಗುವ ಮಾದರಿಯಲ್ಲ, ಬೆರಗಾಗಿ ನೋಡಿ ಹಿಂದಿರುಗುವ ಮಾದರಿ.

ಮೂರನೆಯ ದಿನ: ಬಂಗಲೆ, ತೋಟ, ಸಾರೋಟಿನ ಮನೆ

ಶೆಲ್ಬರ್ನ್ ಹೌಸ್ ಎಂಬ ಬಂಗಲೆ ಸ್ಯಾಕ್ಸ್‌ಟನ್ ಪಾಯಿಂಟ್ ಎಂಬ ಸರೋವರದೊಳಗೆ ಚಾಚಿದ ನೆಲದ ಮೂಗಿನ ಮೇಲಿದೆ. ಮೊದಲು ಲೋನ್ ಟ್ರೀ ಹಿಲ್ ಎಂಬ ಗುಡ್ಡದ ನೆತ್ತಿಯ ಮೇಲೆ ಇದಕ್ಕಿಂತ ಬಹಳ ದೊಡ್ಡ ಭವನ ಕಟ್ಟುವ ಆಲೋಚನೆಯಿತ್ತು. ಅದನ್ನು ಕೈಬಿಟ್ಟು, ದಡದಲ್ಲಿ 1887-88ರಲ್ಲಿ ಕಟ್ಟಿಕೊಂಡಿದ್ದ ಬೇಸಿಗೆಮನೆಯನ್ನೇ 1890ರ ದಶಕದ ಉತ್ತರಾರ್ಧದಲ್ಲಿ ಹಿಗ್ಗಿಸಿದರು. 1899ರ ಹೊತ್ತಿಗೆ ಅದಕ್ಕೆ ಈಗಿನ ರೂಪ ಬಂತು. ಹಂತಹಂತವಾಗಿ ಬೆಳೆದ ಮನೆಯ ಲಕ್ಷಣಗಳು ಈಗಲೂ ಕಾಣುತ್ತವೆ: ಚಾವಣಿಯ ಎತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಚಿಮಣಿಗಳು ಎಲ್ಲೆಲ್ಲೋ ಎದ್ದಿವೆ, ಹೊರಚಾಚಿದ ಕಿಟಕಿಗಳು ಒಂದೊಂದು ದಿಕ್ಕಿಗೆ ಮುಖ ಮಾಡಿವೆ. ಗುಡ್ಡದ ಮೇಲಿನ ಭವನ ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಗುಡ್ಡದ ನೆತ್ತಿ ಇಂದಿಗೂ ಬರಿಯ ಹುಲ್ಲಿನದಾಗಿದ್ದು, ಅಲ್ಲಿ ನಿಂತರೆ ಪೂರ್ವಕ್ಕೆ ಗ್ರೀನ್ ಪರ್ವತಗಳು, ಪಶ್ಚಿಮಕ್ಕೆ ನೀರಿನಾಚೆ ನ್ಯೂಯಾರ್ಕ್ ರಾಜ್ಯದ ಆಡಿರಾಂಡ್ಯಾಕ್ ಪರ್ವತಗಳು ಎರಡೂ ಕಾಣುತ್ತವೆ.

ಬಂಗಲೆ 1987ರಿಂದ ತಂಗುಮನೆಯಾಗಿ ನಡೆಯುತ್ತಿದೆ. ಬೇಸಿಗೆಯ ವಾಸಕ್ಕೆಂದು ಕಟ್ಟಿದ ಮನೆಯಾದ್ದರಿಂದ ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮಾತ್ರ ತೆರೆದಿರುತ್ತದೆ. ಒಳಗಿನ ಗ್ರಂಥಾಲಯ, ಚಹಾ ಕೋಣೆ, ಬಿಲಿಯರ್ಡ್ಸ್ ಕೋಣೆ, ಅಮೃತಶಿಲೆಯ ನೆಲದ ಊಟದ ಕೋಣೆ ಎಲ್ಲವೂ ಚೆನ್ನಾಗಿವೆ. ಆದರೆ ಅಂತಹ ಕೋಣೆಗಳನ್ನು ಆ ಕಾಲದ ಯಾವ ಶ್ರೀಮಂತರ ಮನೆಯಲ್ಲೂ ನೋಡಬಹುದು. ಇದರ ಬಗ್ಗೆ ಹೆಚ್ಚು ಬರೆಯುವ ಉತ್ಸಾಹ ನನಗಿಲ್ಲ.

ತೋಟದ ವಿಷಯ ಬೇರೆ. ಅದು ಲೀಲಾ ಅವರ ಸ್ವಂತ ಕೆಲಸ. ಬಂಗಲೆಯ ಎದುರಿನಿಂದ ಸರೋವರದ ಅಂಚಿನವರೆಗೆ ಹಂತಹಂತವಾಗಿ ಇಳಿಯುವ ಕಟ್ಟೆಗಳು, ಅವುಗಳ ತುದಿಯಲ್ಲಿ ನೀರಿನ ಮೇಲೆ ಬಾಗಿ ನೋಡುವಂತಹ ಕಂಬಸಾಲಿನ ಕಟಾಂಜನ, ಇಟಲಿಯ ತೋಟಗಳ ಮಾದರಿಯಲ್ಲಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ರೂಪುಗೊಂಡವು. ಕಟ್ಟೆಗಳ ರಚನೆ ಇಟಲಿಯದಾದರೂ ಹೂಪಾತಿಗಳ ಸಡಿಲ ಬಣ್ಣಗಾರಿಕೆ ಇಂಗ್ಲೆಂಡಿನದು. ಅಲ್ಲಿಯ ಹೆಸರಾಂತ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಲ್ ಅವರ ಪ್ರಭಾವ ಅದರಲ್ಲಿ ಸ್ಪಷ್ಟವಾಗಿದೆ. ಅಕ್ಟೋಬರ್ ಆದ್ದರಿಂದ ಬಹಳಷ್ಟು ಹೂ ಮುಗಿದಿದ್ದವು. ಹೂವಿಲ್ಲದ ಕಾಲದಲ್ಲಿ ಗೋಡೆ, ಮೆಟ್ಟಿಲುಗಳ ಅಳತೆ ಚೆನ್ನಾಗಿ ತಿಳಿಯುತ್ತದೆ. ಅಲೆಗಳ ಹೊಡೆತಕ್ಕೂ ಚಳಿಗಾಲದ ಹಿಮಗಡ್ಡೆಯ ಒತ್ತಡಕ್ಕೂ ಸಿಕ್ಕಿ ಶಿಥಿಲವಾಗಿದ್ದ ಈ ಕಟ್ಟೆಗಳನ್ನು ಇತ್ತೀಚಿನ ವರ್ಷಗಳಲ್ಲಿ ದುರಸ್ತಿ ಮಾಡಿದ್ದಾರೆ. ಗೆಳೆಯರು ಅಲ್ಲಿಯ ಕಲ್ಲಿನ ಗೋಡೆಯಲ್ಲಿ ನೀರು ಹೊರಹೋಗಲು ಬಿಟ್ಟ ರಂಧ್ರಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ತಡೆಗೋಡೆಯನ್ನು ಬೀಳಿಸುವುದು ಎದುರಿನ ಅಲೆಗಿಂತ ಹೆಚ್ಚಾಗಿ ಹಿಂದಿನ ಮಣ್ಣಿನಲ್ಲಿ ನಿಂತು ಹೆಪ್ಪುಗಟ್ಟುವ ನೀರು ಎಂಬುದು ಅವರ ವಿವರಣೆ.

ಮಧ್ಯಾಹ್ನ ನೋಡಿದ ಕೋಚ್ ಬಾರ್ನ್ 1901ರದು. ಸಾರೋಟುಗಳಿಗೂ ಅವುಗಳನ್ನೆಳೆಯುವ ಕುದುರೆಗಳಿಗೂ ಕಟ್ಟಿದ ಈ ಇಟ್ಟಿಗೆಯ ಕಟ್ಟಡ ರಾಬರ್ಟ್‌ಸನ್ ಇಲ್ಲಿ ಕಟ್ಟಿದ ದೊಡ್ಡ ಕಟ್ಟಡಗಳಲ್ಲಿ ಕೊನೆಯದು. ಹನ್ನೆರಡು ವರ್ಷಗಳ ಹಿಂದಿನ ಫಾರಂ ಬಾರ್ನಿನ ಲವಲವಿಕೆ ಇದರಲ್ಲಿಲ್ಲ. ಬದಲಾಗಿ ಶಿಸ್ತು, ಸಮತೋಲನ, ಅಚ್ಚುಕಟ್ಟು ಇವೆ. ನಡುವೆ ಅಂಗಳ, ಸುತ್ತ ಕೋಣೆಗಳು. ಸಾರೋಟುಗಳ ಕಾಲ ಇನ್ನೂ ಬಹಳ ವರ್ಷ ನಡೆಯುತ್ತದೆಂಬ ನಂಬಿಕೆಯಿಂದ ಕಟ್ಟಿದ ಮನೆಯೆಂದು ನೋಡಿದರೆ ಇದರ ಗಟ್ಟಿತನವೇ ಮನಸ್ಸಿಗೆ ಸ್ವಲ್ಪ ವಿಷಾದ ತರುತ್ತದೆ. ಇನ್ನು ಏಳು ವರ್ಷಕ್ಕೆ ಫೋರ್ಡಿನ ಮಾಡೆಲ್ ಟಿ ಕಾರು ಮಾರುಕಟ್ಟೆಗೆ ಬಂತು.

ನಾಲ್ಕನೆಯ ದಿನ: ಬ್ರೀಡಿಂಗ್ ಬಾರ್ನ್

ಎಸ್ಟೇಟಿನ ದಕ್ಷಿಣ ಭಾಗದಲ್ಲಿರುವ ಬ್ರೀಡಿಂಗ್ ಬಾರ್ನ್ ಕುದುರೆ ತಳಿ ಅಭಿವೃದ್ಧಿಗಾಗಿ 1891ರಲ್ಲಿ ಪೂರ್ಣಗೊಂಡ ಲಾಯ. ವೆಬ್ ಅವರ ಕೃಷಿಯ ಕನಸಿನ ಕೇಂದ್ರ ಹಸುವಲ್ಲ, ಹ್ಯಾಕ್ನಿ ಕುದುರೆ. ಇಂಗ್ಲೆಂಡಿನ ಈ ತಳಿ ಮುಂಗಾಲನ್ನು ಎತ್ತಿ ಎತ್ತಿ ಇಡುವ ಗತ್ತಿನ ನಡಿಗೆಗೆ ಹೆಸರಾದದ್ದು. ತಮ್ಮ ಹ್ಯಾಕ್ನಿ ಗಂಡುಕುದುರೆಗಳನ್ನು ಸುತ್ತಲಿನ ರೈತರ ಹೆಣ್ಣುಕುದುರೆಗಳೊಡನೆ ಕೂಡಿಸಿದರೆ, ಹೊಲಕ್ಕೂ ಸಾರೋಟಿಗೂ ಒದಗುವ ಬಲಿಷ್ಠ ಸಂತತಿ ಬರುತ್ತದೆ, ವರ್ಮಾಂಟ್‌ನ ರೈತ ಅದನ್ನು ನಗರಗಳಿಗೆ ಮಾರಿ ಉದ್ಧಾರವಾಗುತ್ತಾನೆ ಎಂಬುದು ಯೋಜನೆ. ಆದರೆ ಇಲ್ಲಿಯ ರೈತರಿಗೆ ತಮ್ಮದೇ ಮೋರ್ಗನ್ ತಳಿಯ ಮೇಲೆ ಅಭಿಮಾನವಿತ್ತು. ಅದು ಚಿಕ್ಕದು, ಗಟ್ಟಿಮುಟ್ಟು, ಕಡಿಮೆ ಮೇವಿನಲ್ಲಿ ಬದುಕುವಂಥದ್ದು. ಗತ್ತಿನ ಕುದುರೆಗೆ ಅವರು ಅಂತಹ ಉತ್ಸಾಹ ತೋರಲಿಲ್ಲ. ಹೊಸ ಶತಮಾನದ ಮೊದಲ ದಶಕದಲ್ಲಿ ಮೋಟಾರು ಬಂದ ಮೇಲೆ ಇಡೀ ಯೋಜನೆ ಅರ್ಥ ಕಳೆದುಕೊಂಡಿತು.

ಕಟ್ಟಡ ಮಾತ್ರ ಉಳಿಯಿತು. ಅದರ ಉದ್ದ 418 ಅಡಿ, ಅಗಲ 107 ಅಡಿ. ಬಾಗಿಲಿನಿಂದ ಒಳಗೆ ಹೆಜ್ಜೆಯಿಟ್ಟ ಕೂಡಲೇ ಗೆಳೆಯರು ನಿಂತುಬಿಟ್ಟರು. "ನಡುವೆ ಒಂದೂ ಕಂಬ ಇಲ್ಲವಲ್ಲ ರೀ!" ಎಂದವರು ಮುಂದೆ ಬಹಳ ಹೊತ್ತು ಮಾತಾಡಲಿಲ್ಲ. ಕುದುರೆಗಳ ಕಟ್ಟೆಗಳು ಎರಡೂ ಬದಿಯ ಗೋಡೆಗೆ ಒತ್ತಿಕೊಂಡಿದ್ದು, ನಡುವಿನ ಪೂರ್ತಿ ಜಾಗ ಚಳಿಗಾಲದಲ್ಲೂ ಕುದುರೆಗಳನ್ನು ಓಡಿಸಿ ಪಳಗಿಸಲು ಬಿಟ್ಟ ಮಣ್ಣಿನ ಅಂಕಣ. ಓಡುವ ಕುದುರೆಗೆ ಕಂಬ ಅಡ್ಡ ಬರಬಾರದು. ಆ ಒಂದು ಅಗತ್ಯದಿಂದ ಈ ರಚನೆಯೆಲ್ಲ ಹುಟ್ಟಿದೆ. ಚಾವಣಿಯ ಭಾರವನ್ನು ತ್ರಿಕೋನಗಳಾಗಿ ಹೆಣೆದ ಟ್ರಸ್‌ಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೊತ್ತು ದಾಟಿಸುತ್ತವೆ. ತ್ರಿಕೋನದ ಮೂರು ಭುಜಗಳ ಉದ್ದ ಬದಲಾಗದೆ ಅದರ ಆಕಾರ ಕೆಡುವುದಿಲ್ಲ. ಆದ್ದರಿಂದ ಅಷ್ಟೇನೂ ದಪ್ಪವಲ್ಲದ ಭಾಗಗಳಿಂದಲೇ ಇಷ್ಟು ಅಗಲವನ್ನು ದಾಟಲು ಸಾಧ್ಯವಾಗಿದೆ. ಕಟ್ಟಿದ ಕಾಲಕ್ಕೆ ನಡುಗಂಬವಿಲ್ಲದ ಇಷ್ಟು ದೊಡ್ಡ ಮರದ ಕಟ್ಟಡ ಅಮೆರಿಕದಲ್ಲಿ ಬೇರೊಂದಿರಲಿಲ್ಲವೆಂದು ಇಲ್ಲಿಯವರು ಹೇಳುತ್ತಾರೆ.

ಬೆಳಕಿನ ವ್ಯವಸ್ಥೆಯೂ ಗಮನಾರ್ಹವಾಗಿದೆ. ಗೋಡೆಯ ಕಿಟಕಿಗಳ ಬೆಳಕು ನಡುವಿನವರೆಗೆ ತಲುಪುವುದಿಲ್ಲವಾದ್ದರಿಂದ ಚಾವಣಿಯಲ್ಲೇ ಗಾಜಿನ ಬೆಳಕಿಂಡಿಗಳನ್ನು ತೆರೆದಿದ್ದಾರೆ. ಹೊರಗೆ ಮೋಡವಿದ್ದರೂ ಅಂಕಣದ ಮಣ್ಣಿನ ಮೇಲೆ ನೆರಳಿಲ್ಲದ ಸಮ ಬೆಳಕು ಬೀಳುತ್ತಿತ್ತು.

ಈ ಕಟ್ಟಡ ಉಳಿದ ಕಥೆಯೂ ನೇರವಾದುದಲ್ಲ. ವೆಬ್ 1926ರಲ್ಲಿ, ಲೀಲಾ 1936ರಲ್ಲಿ ತೀರಿಕೊಂಡರು. ಎಸ್ಟೇಟ್ ಮಕ್ಕಳ ನಡುವೆ ಪಾಲಾಯಿತು. ಉತ್ತರದ ಭಾಗ ಮೊಮ್ಮಗ ಡೆರಿಕ್ ವೆಬ್ ಅವರ ಕೈಗೆ ಬಂತು. ಅಜ್ಜನ ಕುದುರೆಗಳನ್ನು ಬಿಟ್ಟು ಅವರು ಹಾಲಿನ ಹಸುಗಳನ್ನು ನೆಚ್ಚಿದರು. ಆದರೂ ಇಷ್ಟು ದೊಡ್ಡ ಕಟ್ಟಡಗಳ ತೆರಿಗೆ, ದುರಸ್ತಿಗಳನ್ನು ಹಾಲಿನ ಆದಾಯ ಹೊರಲಾರದು. ಆಗ ಡೆರಿಕ್ ಅವರ ಮಕ್ಕಳು, ನೆಲವನ್ನು ತುಂಡು ಮಾಡಿ ಮಾರುವ ಬದಲು, 1972ರಲ್ಲಿ ಅದನ್ನು ಕೃಷಿ ಮತ್ತು ಪರಿಸರ ಶಿಕ್ಷಣದ ಲಾಭರಹಿತ ಸಂಸ್ಥೆಯಾಗಿ ಮಾರ್ಪಡಿಸುವ ದಾರಿ ಹಿಡಿದರು. 1984ರಲ್ಲಿ ಡೆರಿಕ್ ತೀರಿಕೊಂಡಾಗ ಆಸ್ತಿಯನ್ನು ಆ ಸಂಸ್ಥೆಗೇ ಬಿಟ್ಟುಹೋಗಿದ್ದರು. ದಕ್ಷಿಣದ ಭಾಗ, ಬ್ರೀಡಿಂಗ್ ಬಾರ್ನ್ ಸಹಿತ, ಬೇರೆಯವರ ಕೈಯಲ್ಲಿದ್ದು, ಸಂಸ್ಥೆ ಅದನ್ನು 1994ರಲ್ಲಿ ಕೊಂಡು ಮತ್ತೆ ಸೇರಿಸಿಕೊಂಡಿತು. ಶಿಥಿಲವಾಗಿದ್ದ ಚಾವಣಿಗೆ ತಾಮ್ರದ ಹಾಳೆ ಹೊದಿಸಿದರು. 2001ರಲ್ಲಿ ಇಡೀ ಎಸ್ಟೇಟಿಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮನ್ನಣೆ ದೊರೆಯಿತು. ಬ್ರೀಡಿಂಗ್ ಬಾರ್ನಿಗೆ ಹತ್ತಿರದಲ್ಲೇ ಇದ್ದ ಹಳೆಯ ಡೇರಿ ಬಾರ್ನ್‌ಗೆ ಆ ಅದೃಷ್ಟ ಇರಲಿಲ್ಲ. ಅದು 2016ರಲ್ಲಿ ಬೆಂಕಿಗೆ ಆಹುತಿಯಾಯಿತು.

ವೆಬ್ ಅವರ ಸಾರೋಟುಗಳನ್ನು ನೋಡಬೇಕಾದರೆ ಊರಿನಲ್ಲಿರುವ ಶೆಲ್ಬರ್ನ್ ಮ್ಯೂಸಿಯಂಗೆ ಹೋಗಬೇಕು. ಹಿರಿಯ ಸೊಸೆ ಎಲೆಕ್ಟ್ರಾ ಹ್ಯಾವ್‌ಮೇಯರ್ ವೆಬ್ 1947ರಲ್ಲಿ ಅದನ್ನು ಸ್ಥಾಪಿಸಿದರು. ಮನೆಯವರು ಏನು ಮಾಡುವುದೆಂದು ತಿಳಿಯದೆ ಬಿಟ್ಟಿದ್ದ ಸಾರೋಟುಗಳ ಸಂಗ್ರಹವೇ ಅದಕ್ಕೆ ನಿಮಿತ್ತ. ಲಾಳದ ಆಕಾರದ ದೊಡ್ಡ ಕೊಟ್ಟಿಗೆಯಲ್ಲಿ ಅವು ಸಾಲಾಗಿ ನಿಂತಿವೆ. ನಾವು ಅಲ್ಲಿ ಹೆಚ್ಚು ಹೊತ್ತು ಕಳೆದದ್ದು ಮಾತ್ರ ಪ್ರವೇಶದ ಬಳಿಯ ದುಂಡು ಕೊಟ್ಟಿಗೆಯಲ್ಲಿ. ಕೋಚ್ ಬಾರ್ನ್ ಎದ್ದ 1901ರಲ್ಲೇ ವರ್ಮಾಂಟ್‌ನ ಈಸ್ಟ್ ಪಾಸಂಪ್ಸಿಕ್ ಎಂಬ ಹಳ್ಳಿಯಲ್ಲಿ ಕಟ್ಟಿದ್ದನ್ನು 1980ರ ದಶಕದಲ್ಲಿ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ನಟ್ಟನಡುವೆ ಮೇವು ತುಂಬಿಡುವ ಸೈಲೊ ಎಂಬ ಎತ್ತರದ ಕಣಜ, ಅದರ ಸುತ್ತ ಮುಖ ಒಳಗೆ ಮಾಡಿ ನಿಲ್ಲುವ ಹಸುಗಳ ಬಳೆ, ಮೇಲಂತಸ್ತಿಗೆ ಹುಲ್ಲಿನ ಬಂಡಿ ನೇರ ಹತ್ತುವ ಇಳಿಜಾರು, ಸಗಣಿ ಬೀಳಲು ಕೆಳಗೊಂದು ಅಂತಸ್ತು. ಮೇವು ಹಾಕುವವನು ನಡುವೆ ನಿಂತು ಒಂದು ಸುತ್ತು ತಿರುಗಿದರೆ ಎಲ್ಲ ಹಸುಗಳಿಗೂ ಮೇವು ಮುಟ್ಟುತ್ತದೆ. ಇದರ ಹಿಂದೆ ವ್ಯಾಂಡರ್‌ಬಿಲ್ಟ್ ಹಣವಾಗಲಿ, ಗಗನಚುಂಬಿ ಕಟ್ಟಿದ ವಾಸ್ತುಶಿಲ್ಪಿಯಾಗಲಿ ಇರಲಿಲ್ಲ.

"ಯಾವುದು ಚೆನ್ನ ಅಂತ ಕೇಳಬೇಡಿ, ಅದು ಬೇರೆ, ಇದು ಬೇರೆ" ಎಂದು ಗೆಳೆಯರು ನಾನು ಕೇಳುವ ಮೊದಲೇ ಹೇಳಿದರು. ಎಂಜಿನಿಯರಾಗಿ ಅವರ ಮನಸ್ಸು ಬ್ರೀಡಿಂಗ್ ಬಾರ್ನಿನ ಕಡೆಗಿತ್ತು. ಬಳಸುವವನ ಹೆಜ್ಜೆಯನ್ನು ಎಣಿಸಿ ಕಟ್ಟಿದ ದುಂಡು ಕೊಟ್ಟಿಗೆಗೂ ವುಡ್‌ಸ್ಟಾಕ್‌ನ ನೆಲಮಾಳಿಗೆಗೂ ನನ್ನ ಓಟು. ಬರ್ಲಿಂಗ್ಟನ್ನಿಗೆ ಹೋಗುವ ದಾರಿಯುದ್ದಕ್ಕೂ ಈ ವಾದ ನಡೆಯಿತು, ಇಬ್ಬರೂ ಒಪ್ಪಲಿಲ್ಲ.